ಜಗನ್ಮೋಹನ ಅರಮನೆ ಚಿತ್ರಶಾಲೆ: ಹೋಗಿ ಬಂದವರು ಹೇಳಿ

ಪ್ರಶ್ನೆ: ಅಪ್ಪ, ಅಮ್ಮ, ಐದನೇ ಕ್ಲಾಸಿನ ಮಗಳನ್ನು ಕರ್ಕೊಂಡು ಮೈಸೂರಿಗೆ ಹೋಗ್ತಿದ್ದೀನಿ. ದೊಡ್ಡ ಅರಮನೆ ಮುಗಿಸಿ ಜಗನ್ಮೋಹನಕ್ಕೂ ಹೋಗೋಣ ಅಂತಿದೆ. ಅಮ್ಮನಿಗೆ ಮಂಡಿನೋವು. ಯಾವುದನ್ನು ನೋಡಲೇಬೇಕು, ಯಾವುದನ್ನು ಬಿಡಬಹುದು?

ಉತ್ತರ: ಮೊದಲು ಜಗನ್ಮೋಹನ, ಆಮೇಲೆ ಅರಮನೆ. ಎರಡೂ ಹತ್ತಿರವೇ ಇವೆ, ಆದರೆ ಅರಮನೆ ಸುತ್ತಿ ಬರುವಷ್ಟರಲ್ಲಿ ಕಾಲು ಸೋತು ಹೋಗುತ್ತೆ, ಚಿತ್ರ ನೋಡುವ ತಾಳ್ಮೆ ಉಳಿಯಲ್ಲ. ಕಟ್ಟಡಕ್ಕೆ ಮೂರು ಅಂತಸ್ತು. ಯಾವ ಮಹಡಿ ತೆರೆದಿದೆ, ದೀಪ ಹಿಡಿದ ಹೆಂಗಸಿನ ಚಿತ್ರ ಎಲ್ಲಿದೆ ಅಂತ ಟಿಕೆಟ್ ಕೊಡುವಲ್ಲೇ ಕೇಳಿ, ಅಮ್ಮನನ್ನು ಸೀದಾ ಅಲ್ಲಿಗೇ ಕರ್ಕೊಂಡು ಹೋಗಿ.

ಉತ್ತರ: ನಾನು ಡ್ರಾಯಿಂಗ್ ಮೇಷ್ಟ್ರು, ಮಕ್ಕಳನ್ನು ಅಲ್ಲಿಗೆ ಕರ್ಕೊಂಡು ಹೋಗ್ತಾ ಇರ್ತೀನಿ. ಆ ದೀಪದ ಚಿತ್ರ ರವಿವರ್ಮನದು ಅಂತ ಪಕ್ಕದಲ್ಲಿ ಯಾರಾದರೂ ಹೇಳೇ ಹೇಳ್ತಾರೆ. ಅಲ್ಲ, ಅದು ಎಸ್.ಎಲ್. ಹಲ್ದಣಕರ್ ಅವರದು. ಎದುರು ನಿಂತವರು ಅವರ ಮಗಳು ಗೀತಾ. ಬೆರಳುಗಳನ್ನು ಹತ್ತಿರದಿಂದ ನೋಡಿ: ದೀಪಕ್ಕೆ ಮರೆಯಾಗಿಟ್ಟ ಅಂಗೈ, ಬೆರಳ ಸಂದಿನಲ್ಲಿ ಚರ್ಮದೊಳಗಿಂದಲೇ ಕೆಂಪು ಬೆಳಕು. ಇದು ಜಲವರ್ಣ! ತೈಲವರ್ಣದಲ್ಲಾದರೆ ಮೇಲೆ ಮತ್ತೆ ಬಳಿದು ತಿದ್ದಬಹುದು. ಜಲವರ್ಣದಲ್ಲಿ ಬೆಳಕು ಬೇಕಾದ ಕಡೆ ಕಾಗದವನ್ನು ಮೊದಲೇ ಉಳಿಸಿಕೊಳ್ಳಬೇಕು. ನನ್ನ ಮಟ್ಟಿಗೆ ಅದೊಂದಕ್ಕೇ ಟಿಕೆಟ್ ದುಡ್ಡು ಸಾರ್ಥಕ.

ರವಿವರ್ಮನದೇ ಬೇಕು ಅಂದರೆ ಹನ್ನೊಂದು ಜನ ಹೆಂಗಸರು ಸಂಗೀತಕ್ಕೆ ಕೂಡಿರುವ ದೊಡ್ಡ ತೈಲಚಿತ್ರ ಹುಡುಕಿ. ಉಡುಗೆ, ಒಡವೆ, ವಾದ್ಯ ನೋಡಿ ಯಾರು ಯಾವ ಸೀಮೆಯವರು ಅಂತ ಮಗಳೇ ಹೇಳಲಿ. ವೀಣೆ ಹಿಡಿದಿರುವ ನಾಯರ್ ಹೆಣ್ಣುಮಗಳಿಂದ ಶುರು ಮಾಡಿಸಿ. ನಮ್ಮ ಮಕ್ಕಳು ಅಲ್ಲಿಂದ ಕದಲೋದೇ ಇಲ್ಲ.

ಉತ್ತರ: ನಿಮ್ಮಪ್ಪನಿಗೆ ಇತಿಹಾಸದ ಹುಚ್ಚಿದ್ದರೆ ಕಟ್ಟಡವೇ ಸಾಕು. 1861ರಲ್ಲಿ ಮುಮ್ಮಡಿಯವರು ಕಟ್ಟಿಸಿದ್ದು. ಹಳೆ ಮರದರಮನೆ ಸುಟ್ಟುಹೋದ ಮೇಲೆ ರಾಜಮನೆತನ ಇಲ್ಲೇ ಇತ್ತು. 1902ರಲ್ಲಿ ನಾಲ್ವಡಿಯವರಿಗೆ ಅಧಿಕಾರ ವಹಿಸಿಕೊಟ್ಟ ಸಮಾರಂಭವೂ ಇಲ್ಲೇ, ವೈಸರಾಯ್ ಕರ್ಜನ್ ಬಂದಿದ್ದರು. 1915ರಿಂದ ಚಿತ್ರಶಾಲೆ. ಗೋಡೆ ಮೇಲಿನ ದಸರಾ ಮೆರವಣಿಗೆ, ಒಡೆಯರ ವಂಶವೃಕ್ಷ ತಪ್ಪಿಸಬೇಡಿ. ಹೆಸರುಗಳನ್ನು ಓದುತ್ತಾ ಹೋದರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ. ಪಿಂಗಾಣಿ, ಕುರ್ಚಿ, ಮೇಜು ಹಾಗೇ ದಾಟಿ.

ಉತ್ತರ: ದಸರಾ ರಜೆಯಲ್ಲಿ ಮಾತ್ರ ಬೇಡ ಅಕ್ಕಾ. ಆ ನೂಕುನುಗ್ಗಲಲ್ಲಿ ದೀಪದ ಚಿತ್ರದ ಮುಂದೆ ನಿಲ್ಲೋಕೇ ಬಿಡಲ್ಲ, ಮಂಡಿನೋವಿನ ಅಮ್ಮನಿಗೆ ತುಂಬಾ ಕಷ್ಟ. ಸಾಮಾನ್ಯ ವಾರದ ದಿನ, ಬಾಗಿಲು ತೆಗೆಯೋ ಹೊತ್ತಿಗೇ ಹೋಗಿ.