ಕಾಪು ದೀಪಸ್ತಂಭದ ಫೋಟೊ: ಕೊರತೆ ಹೇಳುವುದು ಹೇಗೆ? ಅನುಭವಸ್ಥರು ತಿಳಿಸಿ

ಪ್ರಶ್ನೆ ಕೇಳಿದವರು, ಉಡುಪಿ:
ನನ್ನ ಅಕ್ಕನ ಮಗ ಈಚೆಗಷ್ಟೇ ಕ್ಯಾಮೆರಾ ಹಿಡಿದಿದ್ದಾನೆ. ಕಾಪು ದೀಪಸ್ತಂಭದ ಸಂಜೆಯ ಚಿತ್ರವೊಂದನ್ನು ಸ್ಪರ್ಧೆಗೆ ಕಳುಹಿಸುವ ಮುನ್ನ ನನ್ನ ಅಭಿಪ್ರಾಯ ಕೇಳಿದ್ದಾನೆ. ಕಡಲಿನ ಗೆರೆ ಎಡಕ್ಕೆ ಇಳಿದಿದೆ, ಗೋಪುರ ಹಿಂದಕ್ಕೆ ವಾಲಿದಂತಿದೆ, ದೀಪದ ಕೋಣೆಯ ತುದಿ ಚಿತ್ರದ ಮೇಲಂಚಿಗೆ ತಾಗಿದೆ, ಆಕಾಶ ಪೂರ್ತಿ ಬಿಳುಚಿದೆ. ಬಂಡೆಗೆ ಅಪ್ಪಳಿಸಿದ ತೆರೆ ಮಾತ್ರ ನಿಜಕ್ಕೂ ಸೊಗಸಾಗಿ ಬಂದಿದೆ. ಹುಡುಗನ ಉತ್ಸಾಹ ಕುಂದದಂತೆ ಇವನ್ನೆಲ್ಲ ಹೇಳುವುದು ಹೇಗೆ?

ಸ್ಟುಡಿಯೊ ನಡೆಸುವವರು, ಸುರತ್ಕಲ್:
ಮುಲಾಜಿಲ್ಲದೆ ಹೇಳಿ. ನಾನು ಕೆಲಸ ಕಲಿತದ್ದು ಒಂದು ಫಿಲ್ಮ್ ರೋಲಿಗೆ 36 ಚಿತ್ರಗಳಿದ್ದ ಕಾಲದಲ್ಲಿ. ಚಿತ್ರ ಕೆಟ್ಟರೆ ರೋಲಿನ ಬೆಲೆ, ತೊಳೆಸಿದ ಖರ್ಚು, ಪ್ರಿಂಟಿನ ಕಾಗದ ಮೂರೂ ಸಂಬಳದಲ್ಲಿ ಕಡಿತವಾಗುತ್ತಿದ್ದವು. ಮದುವೆಗಳ ಕಾಲದಲ್ಲಿ ಎಲ್ಲರೂ ಹೆಚ್ಚು ಸಂಪಾದಿಸಿದರೆ ನನ್ನ ಕೈಗೆ ಬಸ್ಸಿನ ಹಣವಷ್ಟೇ ಉಳಿದದ್ದೂ ಉಂಟು. ಯಜಮಾನರು ನೆಗೆಟಿವನ್ನು ಬೆಳಕಿಗೆ ಹಿಡಿದು ಕೊರತೆ, ಅದರ ಕಾರಣ, ತಿದ್ದುವ ದಾರಿ ಮೂರನ್ನೂ ಒಟ್ಟಿಗೆ ಹೇಳುತ್ತಿದ್ದರು. ಆ ಶಿಸ್ತಿನ ಬಲದಿಂದಲೇ ನನ್ನ ಸ್ಟುಡಿಯೊ ಇಂದಿಗೂ ನಡೆಯುತ್ತಿದೆ. ಈ ಚಿತ್ರದಲ್ಲಿರುವುದು ಎರಡು ಬೇರೆ ಬೇರೆ ಕೊರತೆಗಳು. ಕ್ಯಾಮೆರಾ ಪಕ್ಕಕ್ಕೆ ಓರೆಯಾದದ್ದರಿಂದ ಕಡಲು ಇಳಿದಿದೆ. ಮೇಲಕ್ಕೆತ್ತಿ ತೆಗೆದದ್ದರಿಂದ ಗೋಪುರ ವಾಲಿದೆ. ಸುಮಾರು 27 ಮೀಟರ್ ಎತ್ತರದ ಗೋಪುರ, ಅದೂ ಬಂಡೆಯ ಮೇಲೆ ನಿಂತದ್ದು; ಬುಡದ ಹತ್ತಿರ ನಿಂತು 18 ಎಂಎಂನಲ್ಲಿ, ಅಂದರೆ ಲೆನ್ಸಿನ ಅಗಲ ನೋಟದಲ್ಲಿ ತೆಗೆದರೆ ವಾಲದೆ ಇನ್ನೇನಾದೀತು?

ಬ್ಯಾಂಕ್ ಉದ್ಯೋಗಿ, ಕಲ್ಯಾಣಪುರ:
ಮುಲಾಜಿಲ್ಲದ ಮಾತಿನ ಬೆಲೆ ಎಷ್ಟೆಂದು ನಾನು ಹೇಳುತ್ತೇನೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಚಿತ್ರವನ್ನು ಹಿರಿಯ ಛಾಯಾಗ್ರಾಹಕರೊಬ್ಬರಿಗೆ ತೋರಿಸಿದ್ದೆ. ಹತ್ತಾರು ಜನರ ಎದುರಿನಲ್ಲಿ ಅವರು ‘ಇದರಲ್ಲಿ ಕಂಪೋಸಿಷನ್ನೇ (ಚೌಕಟ್ಟಿನೊಳಗಿನ ಜೋಡಣೆ) ಇಲ್ಲ’ ಎಂದು ಮುಂದಿನ ಚಿತ್ರಕ್ಕೆ ಹೋದರು. 42,000 ರೂಪಾಯಿ ಕೊಟ್ಟು ಕೊಂಡ ಲೆನ್ಸ್ ಅಂದಿನಿಂದ ಕಪಾಟು ಸೇರಿತು. ಆಟಿ ತಿಂಗಳ ಮಳೆ ಕಳೆದು ತೆಗೆದು ನೋಡಿದರೆ ಒಳಗಿನ ಗಾಜಿನಲ್ಲಿ ಜೇಡರ ಬಲೆಯಂತೆ ಫಂಗಸ್ ಹಬ್ಬಿತ್ತು. ಬಿಚ್ಚಿ ಶುಚಿಗೊಳಿಸಲು 6,500 ರೂಪಾಯಿ ತೆತ್ತೆ. ಗಾಜಿನ ಲೇಪ ಹೋಗಿದೆಯೆಂದು ಕೊನೆಗೆ ಅದನ್ನು 14,000ಕ್ಕೆ ಕೊಡಬೇಕಾಯಿತು. ಎದುರಿನ ಎತ್ತರದ ಕಲ್ಲುಕಂಬ, ಮಾನಸ್ತಂಭ, ನನ್ನ ಚಿತ್ರದಲ್ಲಿ ಬಸದಿಯ ಬಾಗಿಲನ್ನು ಮರೆಮಾಡಿತ್ತು, ಅಷ್ಟೇ. ‘ಎರಡು ಹೆಜ್ಜೆ ಬಲಕ್ಕೆ ಸರಿದು ನಿಲ್ಲಿ’ ಎಂದಿದ್ದರೆ ಸಾಕಿತ್ತು. ತೆರೆ ಚೆನ್ನಾಗಿದ್ದರೆ ಯಾಕೆ ಚೆನ್ನಾಗಿದೆ ಎಂಬುದನ್ನೂ ಹೇಳಬೇಕು. ನೀರು ಅತಿ ಎತ್ತರಕ್ಕೆ ಚಿಮ್ಮಿದ ಕ್ಷಣವನ್ನು ಕಾದು ಹಿಡಿದವನಿಗೆ ಅದು ತನ್ನ ಶ್ರಮದ ಫಲವೆಂದು ತಿಳಿಯಬೇಡವೇ?

ಸ್ಟುಡಿಯೊ ನಡೆಸುವವರು:
ನಾನು ಕಾರಣ ಮತ್ತು ದಾರಿ ಎರಡನ್ನೂ ಹೇಳಬೇಕೆಂದೇ ಬರೆದಿದ್ದೇನೆ, ಓದಿ ಉತ್ತರಿಸಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಲೆನ್ಸನ್ನು ಗಾಳಿಯಾಡದ ಕಪಾಟಿನಲ್ಲಿಟ್ಟರೆ ಫಂಗಸ್ ಬಂದೇ ಬರುತ್ತದೆ. ಅದಕ್ಕೂ ಟೀಕೆಗೂ ಸಂಬಂಧವಿಲ್ಲ.

ಬ್ಯಾಂಕ್ ಉದ್ಯೋಗಿ:
ಸಂಬಂಧವಿದೆ. ಬಳಕೆಯಲ್ಲಿದ್ದಷ್ಟು ಕಾಲ ಅದೇ ಲೆನ್ಸಿಗೆ ಏನೂ ಆಗಿರಲಿಲ್ಲ.

ನಿವೃತ್ತ ಅಧ್ಯಾಪಕರು, ಕಾರ್ಕಳ:
ಇಬ್ಬರೂ ಹುಡುಗನನ್ನು ಒಂದು ಮಾತೂ ಕೇಳಲಿಲ್ಲವೆಂಬುದೇ ನನ್ನ ಆಕ್ಷೇಪ. ನನ್ನ ವಿದ್ಯಾರ್ಥಿನಿಯೊಬ್ಬಳು 1432ರಲ್ಲಿ ಪ್ರತಿಷ್ಠಾಪನೆಯಾದ ನಮ್ಮೂರ ಗೊಮ್ಮಟನನ್ನು ಪಾದದ ಬಳಿಯಿಂದಲೇ ತೆಗೆದು ತಂದಿದ್ದಳು. ಕಾಲು ಬೃಹತ್ತಾಗಿ, ಮುಖ ಪುಟ್ಟದಾಗಿ ಬಂದಿತ್ತು. ಅನುಪಾತ ಕೆಟ್ಟಿದೆಯೆಂದು ಎಲ್ಲರೂ ಹೇಳಿದರು. ಏನು ತೋರಿಸಬೇಕೆಂದಿದ್ದೆ ಎಂದು ನಾನು ಕೇಳಿದಾಗ, 42 ಅಡಿಯ ವಿಗ್ರಹದ ಎದುರು ತಾನೆಷ್ಟು ಚಿಕ್ಕವಳೆಂಬುದನ್ನು ಎಂದಳು. ಅವಳ ಚಿತ್ರ ಸರಿಯಾಗಿಯೇ ಇತ್ತು. ಈ ಗೋಪುರದ ವಾಲಿಕೆಯೂ ಬೇಕೆಂದೇ ಮಾಡಿದ್ದಿರಬಹುದು. ಕಡಲಿನ ಗೆರೆಯನ್ನು ಕಂಪ್ಯೂಟರಿನಲ್ಲಿ ನೇರಗೊಳಿಸಿದರಾಯಿತು, ಅದನ್ನು ದೊಡ್ಡದು ಮಾಡುವುದು ಬೇಡ.

ಸ್ಟುಡಿಯೊ ನಡೆಸುವವರು:
ಅಧ್ಯಾಪಕರೇ, ಕಡಲು ಓರೆಯಾಗಲಿ ಎಂದು ಯಾರೂ ಬೇಕೆಂದು ಮಾಡುವುದಿಲ್ಲ. ನೇರಗೊಳಿಸಲು ಚಿತ್ರವನ್ನು ತಿರುಗಿಸಿದರೆ ನಾಲ್ಕೂ ಅಂಚು ಕತ್ತರಿಸಿಹೋಗುತ್ತದೆ. ತುದಿ ಮೊದಲೇ ಅಂಚಿಗೆ ತಾಗಿದೆ ಎಂದು ಕೇಳಿದವರೇ ಬರೆದಿದ್ದಾರೆ. ಎರಡು ಡಿಗ್ರಿ ತಿರುಗಿಸಿದರೂ ಸಾಕು, ದೀಪದ ಕೋಣೆಯೇ ಹೋಗುತ್ತದೆ. ದೀಪವಿಲ್ಲದ ದೀಪಸ್ತಂಭವನ್ನು ಸ್ಪರ್ಧೆಗೆ ಕಳುಹಿಸಬೇಕೇ?

ನಿವೃತ್ತ ಅಧ್ಯಾಪಕರು:
ಅಂಚಿನ ಮಾತನ್ನು ಒಪ್ಪುತ್ತೇನೆ, ಧ್ವನಿಯನ್ನು ಒಪ್ಪುವುದಿಲ್ಲ. ಹದಿಹರೆಯದವರೊಂದಿಗೂ ನೀವು ಇದೇ ಧ್ವನಿಯಲ್ಲಿ ಮಾತನಾಡುವುದಾದರೆ ನಿಮ್ಮಲ್ಲಿ ಕಲಿಯಲು ಯಾರು ಬಂದಾರು?

ಸ್ಟುಡಿಯೊ ನಡೆಸುವವರು:
ಬಂದಿದ್ದಾರೆ, ಕಲಿತಿದ್ದಾರೆ, ಸ್ವಂತ ಸ್ಟುಡಿಯೊ ತೆರೆದಿದ್ದಾರೆ ಮಾರಾಯರೇ.

ಪ್ರಶ್ನೆ ಕೇಳಿದವರು:
ದಯವಿಟ್ಟು ಜಗಳ ಬೇಡ. ಸ್ಪರ್ಧೆಗೆ ಇನ್ನೂ ಸಮಯವಿದೆ. ಮತ್ತೆ ತೆಗೆ ಎಂದು ಹೇಳುವುದಾದರೆ ಎಲ್ಲಿ, ಯಾವಾಗ ಎಂಬುದನ್ನಾದರೂ ಹೇಳಬಲ್ಲೆನೇ?

ಕಾಪುವಿನ ಓದುಗರು:
ಇದಕ್ಕೆ ಉತ್ತರ ನಮ್ಮ ಊರಿನಲ್ಲೇ ಇದೆ. ಸಂಜೆ ಸೂರ್ಯ ಕಡಲಿನ ಕಡೆ ಇರುವುದರಿಂದ ದಡದಿಂದ ನೋಡುವವರಿಗೆ ಗೋಪುರ ಕಪ್ಪಾಗಿಯೇ ಕಾಣುತ್ತದೆ. ಅದನ್ನು ಬೆಳಗಿಸಲು ಹೋದರೆ ಆಕಾಶ ಬಿಳುಚುತ್ತದೆ. ಬೆಳಿಗ್ಗೆ ಪೂರ್ವದ ಬೆಳಕು ದಡದ ಕಡೆಯ ಮೈಮೇಲೆ ಬಿದ್ದು ಕಪ್ಪು ಬಿಳಿ ಪಟ್ಟೆಗಳು ಸ್ಪಷ್ಟವಾಗುತ್ತವೆ, ಹಿಂದಿನ ಆಕಾಶವೂ ನೀಲಿಯಾಗಿಯೇ ಉಳಿಯುತ್ತದೆ. ಮರಳಿನ ಮೇಲೆ 200 ಮೀಟರ್ ಹಿಂದಕ್ಕೆ ನಡೆದು, ಕ್ಯಾಮೆರಾದ ಜೊತೆಗೇ ಬಂದ ಅವನ ಕಿಟ್ ಲೆನ್ಸನ್ನು 50 ಎಂಎಂಗೆ ಇಟ್ಟು, ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸಿ, ಮೇಲಕ್ಕೆತ್ತದೆ ನೇರವಾಗಿ ಹಿಡಿದರೆ ಗೋಪುರ ವಾಲದೆ ಪೂರ್ತಿ ಬರುತ್ತದೆ. ಸಂಜೆಯೇ ಬೇಕೆಂದರೆ ಗೋಪುರವನ್ನು ಕಪ್ಪು ನೆರಳಾಗಿಯೇ ಬಿಟ್ಟು ಆಕಾಶಕ್ಕೆ ಎಕ್ಸ್‌ಪೋಷರ್ (ಚಿತ್ರಕ್ಕೆ ಬೇಕಾದ ಬೆಳಕು) ಅಳೆಯಲಿ. ಸೂರ್ಯ ಮುಳುಗುವ ಜಾಗ ಜೂನಿನಿಂದ ಡಿಸೆಂಬರಿಗೆ ಕಡಲಿನ ಗೆರೆಯ ಮೇಲೆ ಸುಮಾರು 48 ಡಿಗ್ರಿ ದಕ್ಷಿಣಕ್ಕೆ ಸರಿಯುತ್ತದೆ. ಆದ್ದರಿಂದ ಹಳೆಯ ಚಿತ್ರ ನೋಡಿ ಅದೇ ಜಾಗದಲ್ಲಿ ನಿಲ್ಲುವುದು ಬೇಡ.

ಬ್ಯಾಂಕ್ ಉದ್ಯೋಗಿ:
ಬೆಳಿಗ್ಗೆ ಹೋಗುವಾಗ ನೀವೂ ಜೊತೆಗೆ ಹೋಗಿ. ಫೋನಿನಲ್ಲಿ ಹೇಳಬೇಡಿ.

ಸ್ಟುಡಿಯೊ ನಡೆಸುವವರು:
ಹೋಗಿ, ಆದರೆ ಕ್ಯಾಮೆರಾ ಅವನ ಕೈಯಲ್ಲೇ ಇರಲಿ. ಸಾಧ್ಯವಾದರೆ ಟ್ರೈಪಾಡ್ ಕೊಂಡೊಯ್ಯಿರಿ, ಮನೆಗೆ ಬಂದ ಕೂಡಲೇ ಲೆನ್ಸಿನ ಮೇಲಿನ ಉಪ್ಪನ್ನು ಒರೆಸಿಸಿ.