‘ಚಾಪ್ ಚಾಪ್’: ಆಳನ್ನು ಅವಸರಪಡಿಸುವ ಮಾತಿಗೆ ಕನ್ನಡದಲ್ಲಿ ಏನೆನ್ನಬೇಕು?

ನಾನು ಅನುವಾದಿಸುತ್ತಿರುವ ಇಂಗ್ಲಿಷ್ ಬರಹವೊಂದರಲ್ಲಿ ಒಡತಿಯೊಬ್ಬಳು ಮನೆಗೆಲಸದ ಹುಡುಗನಿಗೆ ‘ಚಾಪ್ ಚಾಪ್’ ಎನ್ನುತ್ತಾಳೆ. ನಿಘಂಟನ್ನು ಅನುಸರಿಸಿ ‘ಬೇಗ ಬೇಗ’ ಎಂದು ಬರೆದರೆ ಅರ್ಥವೇನೋ ಬರುತ್ತದೆ. ಆದರೆ ಶಾಲೆಗೆ ಹೊರಟ ಮಗುವಿಗೆ ತಾಯಿ ಹೇಳುವುದೂ ‘ಬೇಗ ಬೇಗ’ ಎಂದೇ ಆದ್ದರಿಂದ, ಒಡತಿಯ ಗತ್ತು ಅಲ್ಲಿ ಕಾಣಿಸುವುದಿಲ್ಲ.

ಈ ಮಾತು ಬಂದದ್ದು ದಕ್ಷಿಣ ಚೀನಾದ ಕ್ಯಾಂಟನ್ ಬಂದರಿನಿಂದ. ಇಂಗ್ಲಿಷ್ ವರ್ತಕರೂ ಅಲ್ಲಿನ ಚೀನೀಯರೂ ವ್ಯವಹಾರಕ್ಕಾಗಿ ರೂಢಿಸಿಕೊಂಡಿದ್ದ ಬೆರಕೆ ನುಡಿಯಲ್ಲಿ, ತ್ವರೆ ಎಂಬರ್ಥದ ಕ್ಯಾಂಟನೀಸ್ ಪದವೊಂದು ‘ಚಾಪ್’ ಎಂಬ ರೂಪ ತಾಳಿ, 19ನೆಯ ಶತಮಾನದ ಮೊದಲ ಭಾಗದಲ್ಲಿ ಇಂಗ್ಲಿಷ್ ಬರಹಕ್ಕೂ ಬಂದಿತು. ‘ಚಾಪ್‌ಸ್ಟಿಕ್’ ಎಂಬುದರ ಮೊದಲ ಭಾಗವೂ ಇದೇ ಪದವೆಂದು ನಿಘಂಟುಕಾರರು ಹೇಳುತ್ತಾರೆ. ನಮ್ಮ ದೇಶದಲ್ಲಿಯೂ ಬ್ರಿಟಿಷ್ ಸೈನಿಕರು ಹಿಂದುಸ್ತಾನಿಯ ‘ಜಲ್ದಿ’ಯನ್ನು ಎತ್ತಿಕೊಂಡು ‘ಜಿಲ್ಡಿ’ ಮಾಡಿಕೊಂಡಿದ್ದರು.

ಕನ್ನಡದಲ್ಲಿ ‘ಬಾ’, ‘ಬನ್ನಿ’, ‘ಬರಬೇಕು’ ಎಂದು ಕ್ರಿಯಾಪದವೇ ಎದುರಿನವರ ಸ್ಥಾನವನ್ನು ಹೇಳಿಬಿಡುತ್ತದೆ. ಇಂಗ್ಲಿಷಿನ ಆಜ್ಞಾರ್ಥಕ್ಕೆ ಈ ಅನುಕೂಲವಿಲ್ಲದ ಕಾರಣ, ಆ ಹೊಣೆಯ ಬಹುಭಾಗ ಪದದ ಆಯ್ಕೆಯ ಮೇಲೆ ಬೀಳುತ್ತದೆ. ಮೇಲಧಿಕಾರಿಗೆ ‘ಹರಿ ಅಪ್’ ಎನ್ನಲಾಗದು. ‘ಅಟ್ ಯುವರ್ ಅರ್ಲಿಯೆಸ್ಟ್ ಕನ್ವೀನಿಯನ್ಸ್’ ಎಂದು, ಅವಸರವನ್ನು ಅವರ ಅನುಕೂಲದ ಹೆಸರಿನಲ್ಲಿ ಅಡಗಿಸಿ ಬರೆಯಬೇಕು. ಸ್ನೇಹಿತರ ನಡುವೆ, ಮೋಟಾರು ಕಾರಿನ ಕಾಲದಲ್ಲಿ ಹುಟ್ಟಿದ ‘ಸ್ಟೆಪ್ ಆನ್ ಇಟ್’ (ವೇಗದ ಪೆಡಲನ್ನು ತುಳಿ) ಸಲ್ಲುತ್ತದೆ. ಕಚೇರಿಯ ಪತ್ರಗಳಲ್ಲಿ ಕಾಣುವ ‘ಎಕ್ಸ್‌ಪಿಡೈಟ್’ ಇವೆಲ್ಲಕ್ಕಿಂತ ಸೊಗಸಾದದ್ದೆಂದು ನನ್ನ ಭಾವನೆ: ಅದರ ಲ್ಯಾಟಿನ್ ಮೂಲದಲ್ಲಿ ಕಾಲಿನ ತೊಡಕನ್ನು ಬಿಡಿಸು ಎಂಬ ಅರ್ಥವಿದೆ, ಕಾಲಿಗೆ ತೊಡಕು ಹಾಕುವ ‘ಇಂಪೀಡ್’ ಅದರ ಎದುರುಪದ. ಇದಕ್ಕೆ ‘ಶೀಘ್ರ ವಿಲೇವಾರಿ’ ಎಂಬ ನಮ್ಮ ಆಡಳಿತದ ಮಾತು ಸಾಕಷ್ಟು ಒಪ್ಪುತ್ತದೆ.

‘ಚಾಪ್ ಚಾಪ್’ ಮಾತ್ರ ಹೀಗೆ ಒಗ್ಗುವುದಿಲ್ಲ. ಅದರಲ್ಲಿ ಕ್ರಿಯಾಪದವೂ ಇಲ್ಲ, ಸಂಬೋಧನೆಯೂ ಇಲ್ಲ. ಕೆಲಸ ಆಗಬೇಕೆನ್ನುವುದಷ್ಟೇ ಇದ್ದು, ಮಾಡುವವನು ಲೆಕ್ಕಕ್ಕೇ ಇಲ್ಲ. ಆದ್ದರಿಂದ ‘ಬೇಗ ಮಾಡೋ’ ಎಂದು ಏಕವಚನ ಹಚ್ಚುವುದೂ ನನಗೆ ಸರಿಕಾಣುವುದಿಲ್ಲ, ಏಕೆಂದರೆ ಆ ‘ಓ’ಕಾರದಲ್ಲಿ ಸಲಿಗೆಯೂ ಇರಬಹುದು. ‘ಹೂಂ, ಬೇಗ ಆಗಲಿ’ ಎಂದರೆ ಕೆಲಸವನ್ನು ನುಡಿದು ಮನುಷ್ಯನನ್ನು ಬಿಟ್ಟಂತಾಗುತ್ತದೆಯಾದ್ದರಿಂದ ಸದ್ಯಕ್ಕೆ ಅದನ್ನೇ ಇಟ್ಟುಕೊಂಡಿದ್ದೇನೆ. ಉತ್ತರ ಕರ್ನಾಟಕದ ‘ಲಗುಲಗು’ ಎಂಬುದರಲ್ಲಿ ಜೋಡುನುಡಿಯ ಬಡಿತವೂ ಉಳಿಯುತ್ತದೆ. ಆದರೆ ಅದನ್ನು ಸಮಾನರ ನಡುವೆಯೂ ಆಡುತ್ತಾರಲ್ಲವೇ? ಗದ್ದೆ, ತೋಟ, ಅಂಗಡಿಗಳಲ್ಲಿ ಯಜಮಾನರು ಆಳುಗಳಿಗಷ್ಟೇ ಬಳಸುವ, ಸರೀಕರಿಗೆ ಎಂದೂ ಹೇಳದ ಅವಸರದ ಮಾತುಗಳು ತಮ್ಮ ತಮ್ಮ ಕಡೆ ಯಾವುವಿವೆ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.