ಸಹಾಯ ಬೇಕು: ಸಾಫ್ಟ್ ಮೆಷೀನ್ ಲೈವ್ ಕ್ಯಾಸೆಟ್, ಯಾವ ಸಂಗೀತ ಕಚೇರಿಯದು?

ಎಲ್ಲರಿಗೂ ನಮಸ್ಕಾರ. ಸಾಫ್ಟ್ ಮೆಷೀನ್‌ನಂಥ ಬ್ರಿಟಿಷ್ ಜಾಝ್-ರಾಕ್ ಬ್ಯಾಂಡ್‌ಗಳನ್ನು ಕೇಳುವವರು ಇಲ್ಲಿ ಇದ್ದೀರಾ? ಸೋದರಮಾವ ಇಂಗ್ಲೆಂಡಿನಿಂದ ತಂದಿದ್ದ ಒಂದು ಕ್ಯಾಸೆಟ್ ನನ್ನ ಕೈ ಸೇರಿದೆ. ಮೇಲೆ ಪೆನ್ಸಿಲ್‌ನಲ್ಲಿ ಬರೀ ‘ಸಾಫ್ಟ್ ಮೆಷೀನ್ ಲೈವ್’ ಅಂತಿದೆ. ಊರಿಲ್ಲ, ತಾರೀಖಿಲ್ಲ.

ಆರ್ಗನ್ ಬ್ಯಾಂಡಿನ ಮೈಕ್ ರಾಟ್ಲೆಜ್ ಅವರದೇ, ಅನುಮಾನವೇ ಇಲ್ಲ. ಫಜ್ (ಸದ್ದನ್ನು ಒರಟಾಗಿಸುವ ಎಫೆಕ್ಟ್) ಹಾಕಿದ ಅವರ ಲೌರಿ ಆರ್ಗನ್ ಕೈ ಎತ್ತಿದ ಕೂಡಲೇ ಕಿರುಚುತ್ತಿತ್ತಂತೆ. ಅದಕ್ಕೇ ಸ್ವರಗಳ ನಡುವೆ ಬಿಡುವೇ ಕೊಡದೆ ನುಡಿಸೋರು. ಇಲ್ಲೂ ಅದೇ ಕೇಳುತ್ತದೆ. ‘ಫೇಸ್‌ಲಿಫ್ಟ್’ ಅನ್ನೋ ಅವರ ಕೃತಿಯ ಮಧ್ಯೆ ಕೊಳಲು ಬೇರೆ ಬರುತ್ತದೆ. ಹಾಗಾದರೆ ಕೊಳಲು ನುಡಿಸುತ್ತಿದ್ದ ಲಿನ್ ಡಾಬ್ಸನ್ ಬ್ಯಾಂಡಿನಲ್ಲಿದ್ದ 1970ರ ಶುರುವಿನ ದಿನಗಳೇ ಅಲ್ವಾ? ‘ಥರ್ಡ್’ ಆಲ್ಬಮ್ಮಿನ ‘ಫೇಸ್‌ಲಿಫ್ಟ್’ ಆ ವರ್ಷ ಜನವರಿಯಲ್ಲಿ ಕ್ರಾಯ್ಡನ್, ಬರ್ಮಿಂಗ್‌ಹ್ಯಾಮ್‌ಗಳಲ್ಲಿ ನುಡಿಸಿದ್ದನ್ನು ಕತ್ತರಿಸಿ ಜೋಡಿಸಿದ್ದು. ಇದು ಅದಕ್ಕೆ ಹೊಂದುವುದಿಲ್ಲ. ಆಗಸ್ಟ್‌ನಲ್ಲಿ ಲಂಡನ್ನಿನ ಪ್ರಾಮ್ಸ್ ಸಂಗೀತೋತ್ಸವದಲ್ಲಿ ಕೊಟ್ಟ ಕಚೇರಿಯೂ ಅಲ್ಲ, ಅಷ್ಟರಲ್ಲಿ ಡಾಬ್ಸನ್ ಬಿಟ್ಟಿದ್ದರು. (ಅವತ್ತು ಸಿಗರೇಟು ಸೇದೋಕೆ ಹೊರಗೆ ಹೋದ ಡ್ರಮ್ಮರ್ ರಾಬರ್ಟ್ ವ್ಯಾಟ್‌ರನ್ನು ಆಲ್ಬರ್ಟ್ ಹಾಲ್‌ನ ಬಾಗಿಲು ಕಾಯುವವನು ಒಳಗೆ ಬಿಡಲು ಒಪ್ಪಲಿಲ್ಲವಂತೆ!)

ಆ ಕಾಲದ ಲೈವ್ ರೆಕಾರ್ಡಿಂಗ್ ಇಟ್ಟುಕೊಂಡವರು ಒಂದೆರಡು ನಿಮಿಷದ ತುಣುಕು ಕೇಳಿ ಹೋಲಿಸಿ ನೋಡ್ತೀರಾ? ಮೆಸೇಜ್ ಮಾಡಿ, ಕಳಿಸುತ್ತೇನೆ. ಆಗ ಲಂಡನ್ನಿನಲ್ಲಿ ಓದುತ್ತಾ ಇವರನ್ನು ನೇರವಾಗಿ ಕೇಳಿದ ಹಿರಿಯರು ಯಾರಾದರೂ ಗೊತ್ತಿದ್ದರೆ ದಯವಿಟ್ಟು ಟ್ಯಾಗ್ ಮಾಡಿ.

ಇನ್ನೊಂದು ವಿಷಯ. ಟೇಪನ್ನು ಹೆಡ್‌ಗೆ ಒತ್ತುವ ಪುಟ್ಟ ಫೆಲ್ಟ್ ತುಂಡು ಉದುರಿಹೋಗಿದೆ, ಸದ್ದು ಮಂಕಾಗಿದೆ. ಮೈಸೂರು ಅಥವಾ ಬೆಂಗಳೂರಿನಲ್ಲಿ ಇದನ್ನು ಸರಿಮಾಡಿ, ಒಳ್ಳೇ ಡೆಕ್‌ನಲ್ಲಿ ಡಿಜಿಟಲ್‌ಗೆ ಇಳಿಸಿಕೊಡುವವರು ಇದ್ದಾರಾ? ನಾನೇ ತಂದುಕೊಡುತ್ತೇನೆ, ಕೊರಿಯರ್ ಮಾತ್ರ ಬೇಡ.